ಗೊಂಜಾಳದ ಮನೆ

ನಾಲತವಾಡ
6 ಏಪ್ರಿಲ್ 2025

ಕಲ್ಮೇಶಣ್ಣ,

ಫೋನಿನಲ್ಲಿ ನಿನಗೆ ಏನು ಹೇಳಿದರೂ ಗಾಜು ಕೊರೆಯುವ ಮಶೀನಿನ ಸದ್ದಿನಲ್ಲಿ "ಹಾಂ? ಏನಂದಿ?" ಅನ್ನುತ್ತೀ. ಆ ಮಶೀನಿನ ಮುಂದೆ ನಿಂತೂ ನಿಂತೂ ಕಿವಿ ಹೋಗಿದೆ ಎಂದು ಒಪ್ಪಿಕೊಳ್ಳುವುದೂ ಇಲ್ಲ. ಮೇಲಾಗಿ ಅಳತೆಯನ್ನು ಬಾಯಿಮಾತಿನಲ್ಲಿ ತೆಗೆದುಕೊಳ್ಳಬಾರದು ಎಂಬುದು ನಿನ್ನ ಅಂಗಡಿಯ ನೇಮ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನನಗೊಂದು ಕಪಾಟು ಬೇಕು. ಉದ್ದ ನಾಲ್ಕು ಫೂಟು, ಅಗಲ ಎರಡು, ಎತ್ತರ ಎರಡು. ಮುಂದೆ ಮಾತ್ರ ಗಾಜು, ಉಳಿದ ಮೂರು ಕಡೆ ಪ್ಲೈವುಡ್. ಮೇಲೆ ಸಣ್ಣ ಕಣ್ಣಿನ ತಂತಿಜಾಳಿಗೆ. ಗಾಳಿ ಚೆನ್ನಾಗಿ ಆಡಬೇಕು, ಆದರೆ ಎಲ್ಲಿಯೂ ಕಿರುಬೆರಳು ತೂರುವಷ್ಟು ಸಂದು ಇರಬಾರದು. ಕೀಲಿ ಬೇಕೇ ಬೇಕು. ಅಲಂಕಾರ ಏನೂ ಬೇಡ.

ಯಾತಕ್ಕೆ ಎಂದು ಕೇಳಬೇಡ. ಮಾಡಿದ ಮೇಲೆ ಕೂರಿಸಲು ನೀನೇ ಬಾ. ನಾನು ಈ ಮನೆಗೆ ಬಂದು ಆರು ವರ್ಷವಾಯಿತು. ಹಗಲೆಲ್ಲ ಸರಕಾರಿ ದವಾಖಾನೆಯ ಲ್ಯಾಬಿನಲ್ಲಿ ಊರವರ ರಕ್ತ ಪರೀಕ್ಷೆ ಮಾಡಿ ಸಂಜೆ ಬಂದು ಕೀಲಿ ತೆಗೆಯುವಾಗ, ನಮ್ಮವರು ಒಬ್ಬರೂ ಈ ಹೊಸ್ತಿಲು ದಾಟಿಲ್ಲ ಎಂಬುದು ಇನ್ನೂ ಮನಸ್ಸಿಗೆ ಹತ್ತುತ್ತದೆ.

ವಿದ್ಯಾ


ಇಂಡಿ
15 ಏಪ್ರಿಲ್ 2025

ವಿದ್ಯಾಗೆ ಅಣ್ಣನ ಆಶೀರ್ವಾದ.

ನಿನ್ನ ಕಾಗದವನ್ನು ಅಂಗಡಿಯಲ್ಲಿ ಎಲ್ಲರೂ ಓದಿದರು, ಯಾಕೆಂದರೆ ನನ್ನ ಚಷ್ಮಾ ಮನೆಯಲ್ಲಿತ್ತು. ಯಾತಕ್ಕೆ ಎಂದು ಕೇಳಬೇಡ ಅಂದೆಯಲ್ಲ, ಕೇಳಲಿಲ್ಲ. ನಾವೇ ತಿಳಿದುಕೊಂಡೆವು. ನಿನ್ನ ವೈನಿ ಕಾಗದ ಮಡಚಿ ಇಟ್ಟು ಹೇಳಿದಳು: "ಕೀಲಿ ಹಾಕಿ ಇಡುವಂಥಾ ಸಾಮಾನ ಹೆಣಮಕ್ಕಳು ಯಾವಾಗ ಕೂಡಸ್ತಾರು? ಲಗ್ನ ಐತಿ ಅನ್ನೂದ ಹೇಳಾಕ ಅಕಿಗೆ ನಾಚಿಕಿ ಬಂದೈತಿ." ವಯಸ್ಸು ನಲವತ್ತೊಂದಾದರೆ ಏನಾಯಿತು, ಋಣ ಕೂಡಿಬಂದಾಗ ಕೂಡಿಬರುತ್ತದೆ. ಹುಡುಗ ಯಾವ ಊರಿನವನು ಎಂದು ಮಾತ್ರ ತಿಳಿಸು.

ಪ್ಲೈವುಡ್ ಹಾಕಿಕೊಟ್ಟರೆ ಇಂಡಿಯ ಪೇಟೆಯಲ್ಲಿ ನಾನು ಮುಖ ತೋರಿಸುವುದು ಹೇಗೆ? ಸಾಗವಾನಿ ಹಾಕಿದ್ದೇನೆ. ಹಿಂದೆ ಇಡಿಯಾಗಿ ಕನ್ನಡಿ. ಮೇಲೆ ಜಾಳಿಗೆ ಹಾಕಿದರೆ ಧೂಳು ಬೀಳುತ್ತದೆ, ಗಾಜು ಹಾಕಿದ್ದೇನೆ. ಮುಂದೆ ಬೇಕರಿಯ ಕಪಾಟಿನ ಹಾಗೆ ಅತ್ತಿತ್ತ ಸರಿಯುವ ಎರಡು ಗಾಜು. ಒಳಗೆ ಬಣ್ಣದ ದೀಪದ ಸರ. ಬಟನ್ ಒತ್ತಿದರೆ ಒಮ್ಮೆ ಕೆಂಪು, ಒಮ್ಮೆ ಹಸಿರು.

ನಿಂಬೆಹಣ್ಣಿನ ಟೆಂಪೋ ತಾಳಿಕೋಟಿಗೆ ಹೊರಟಿತ್ತು. ಡ್ರೈವರ್ ಬಾಬುಲಾಲನ ಕೈಯಲ್ಲಿ ಕಳಿಸಿದ್ದೇನೆ, ಅವನೇ ನಾಲತವಾಡಕ್ಕೆ ತಂದು ಇಳಿಸುತ್ತಾನೆ. ನನಗೆ ಬರಲಾಗುವುದಿಲ್ಲ. ಬಾಡಿಗೆ ಕೋಣೆಗೆ ಬಂದು ನೋಡುವುದಾದರೂ ಏನು? ನಿನ್ನ ಮನೆ ಇಲ್ಲಿದೆ, ನೀನೇ ಬಂದುಹೋಗಿ ಮಾಡುತ್ತೀ.

ಕಲ್ಮೇಶ


ನಾಲತವಾಡ
22 ಏಪ್ರಿಲ್ 2025

ಅಣ್ಣ,

ಗಣಪತಿಯನ್ನು ಮಾಡು ಅಂದರೆ ಅವರಪ್ಪನನ್ನು ಮಾಡಿ ಕಳಿಸಿದ್ದೀ. ನಾಲ್ಕು ಜನ ಹಿಡಿದು ಮೆಟ್ಟಿಲು ಹತ್ತಿಸಿದರು. ಕನ್ನಡಿ, ದೀಪದ ಸರ, ಗಾಜಿನ ಮಾಡು. ನಾನು ಬೇಡ ಅಂದದ್ದೆಲ್ಲ ಇದೆ, ಕೇಳಿದ್ದು ಒಂದೂ ಇಲ್ಲ. ನೋಡಿ ಅಳು ಬಂತು. ಮೇಲಿನ ಗಾಜಿನಿಂದಾಗಿ ಒಳಗೆ ಹೊರಗಿನ ಬಿಸಿಲಿಗಿಂತ ಹೆಚ್ಚು ಕಾವು. ಇದರೊಳಗೆ ಯಾವ ಜೀವವನ್ನು ಇಡಲಿ?

ಹೌದು, ಜೀವ. ಹುಡುಗ ಯಾವ ಊರಿನವನು ಎಂದು ಕೇಳಿದೆಯಲ್ಲ. ಅವನ ಮೂಲ ಅಮೆರಿಕ. ಅವನಿಗೆ ಕೈಕಾಲಿಲ್ಲ. ನಾನು ಒಂದು ಹಾವು ಸಾಕಿದ್ದೇನೆ.

ಬೈಯುವ ಮೊದಲು ಪೂರ್ತಿ ಓದು. ನಮ್ಮ ಲ್ಯಾಬಿನ ಡಾಕ್ಟರ ಮಗ ಸಾಕಿದ್ದ. ಅವನು ಓದಲು ಹಾಸ್ಟೆಲ್ಲಿಗೆ ಹೋದ, ಇವರು ಯಾರಿಗಾದರೂ ಕೊಡಬೇಕೆಂದಿದ್ದರು, ನಾನು ತಂದೆ. ಸರಕಾರಿ ನೋಂದಣಿಯೂ ನನ್ನ ಹೆಸರಿಗೆ ಆಗಿದೆ. ವಿಷವಿಲ್ಲ. ಕಾರ್ನ್ ಸ್ನೇಕ್ ಅನ್ನುತ್ತಾರೆ. ಮೈಯೆಲ್ಲ ಕಿತ್ತಳೆ, ಮೇಲೆ ಕೆಂಪು ಪಟ್ಟೆ, ಹೊಟ್ಟೆಯ ಕೆಳಗೆ ಕಪ್ಪುಬಿಳಿ ಕಾಳು ಜೋಡಿಸಿದ ಮೆಕ್ಕೆಜೋಳದ ತೆನೆಯ ಹಾಗೆ ಇದೆ. ಅದಕ್ಕೇ ಗೊಂಜಾಳ ಎಂದು ಹೆಸರಿಟ್ಟಿದ್ದೇನೆ. ಈಗ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸುತ್ತಿಕೊಂಡು ಬಿದ್ದಿದೆ. ಬಂದಾಗಿನಿಂದ ಏನೂ ತಿಂದಿಲ್ಲ.

ಅದಕ್ಕೆ ಬೇಕಾದದ್ದು ಬಹಳ ಇಲ್ಲ. ಮನೆಯ ಒಂದು ತುದಿ ಬೆಚ್ಚಗೆ, ಇನ್ನೊಂದು ತುದಿ ತಂಪು, ಎರಡೂ ಕಡೆ ಅಡಗಿ ಕೂರಲು ಒಂದೊಂದು ಗೂಡು. ಕೆಳಗೆ ತೆಂಗಿನ ನಾರಿನ ಪುಡಿ, ಒಂದು ಬಟ್ಟಲು ನೀರು. ಬೆಚ್ಚಗೆ ಮಾಡಲು ದೀಪ ಉರಿಸಿ ಎಂದು ಪುಸ್ತಕದಲ್ಲಿ ಬರೆದಿದ್ದಾರೆ. ಬರೆದವನನ್ನು ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ನಮ್ಮ ತಗಡಿನ ಪತ್ರಾಸಿನ ಕೆಳಗೆ ಕೂರಿಸಬೇಕು. ಇಲ್ಲಿ ನನಗೆ ತಂಪಿನದೇ ಚಿಂತೆ.

ಮನೆಯ ಮಾಲಕಿ ಸುಮಿತ್ರಾಬಾಯಿ ಕೆಳಗೇ ಇರುತ್ತಾರೆ. ಬಿಡಿಸು ಅಂದಾರು ಎಂದು ಹೆದರಿದ್ದೆ. ಅವರು ಅರಿಶಿನ ಕುಂಕುಮದ ಬಟ್ಟಲು ಹಿಡಿದು ಬಂದರು.

"ನಾಗಪ್ಪ ತಾನಾಗೇ ಮನಿ ಹುಡಕೊಂಡ ಬಂದಾನ ತಂಗಿ."

"ನಾಗಪ್ಪ ಅಲ್ರಿ ಅದು. ಹೆಡಿನ ಇಲ್ರಿ ಅದಕ್ಕ."

"ಮುಚ್ಚಿಕೊಂಡಾನ ತಗೋ. ಎಲ್ಲಾರಿಗೂ ತೋರಸ್ತಾನೇನು?"

ಇವರಿಗೆ ಹೇಳಿ ಸಾಕಾಯಿತು. ನನಗೆ ದೇವರೂ ಬೇಡ, ದೆವ್ವವೂ ಬೇಡ. ಒಂದು ಸಾದಾ ಹಾವು ಸಾಕು. ನೀನು ಬಂದು ಈ ಕಪಾಟು ಸರಿಮಾಡಿಕೊಡು.

ವಿದ್ಯಾ


ಇಂಡಿ
5 ಮೇ 2025

ವಿದ್ಯಾ,

ನಿನ್ನ ಕಾಗದ ಬಂದ ದಿನ ಊಟ ಸೇರಲಿಲ್ಲ. ಇರಲಾರದೆ ಇರುವೆ ಬಿಟ್ಟುಕೊಳ್ಳುವವರನ್ನು ಕಂಡಿದ್ದೆ, ಹಾವು ಬಿಟ್ಟುಕೊಂಡವರನ್ನು ಈಗಲೇ ಕಂಡದ್ದು. ಲಗ್ನ ಅಂದರೆ ಬೇಡ, ವರ್ಗ ಮಾಡಿಸಿಕೊಂಡು ಇಂಡಿಗೆ ಬಾ ಅಂದರೆ ಬೇಡ, ಹಾವು ಮಾತ್ರ ಬೇಕು. ವೈನಿ ಕಪಾಳಕ್ಕೆ ಕೈ ಹಚ್ಚಿಕೊಂಡು ಕುಳಿತಿದ್ದಾಳೆ. "ಹಾವಿಗೆ ಸಾಗವಾನಿ ಮನಿ, ನಮಗಿನ್ನೂ ಪತ್ರಾಸ ಚಪ್ಪರ," ಎಂದು ಅಂಗಡಿಗೆ ಬಂದವರ ಮುಂದೆಲ್ಲ ಹೇಳುತ್ತಾಳೆ.

ಅದು ಏನು ತಿನ್ನುತ್ತದೆ ಎಂದು ನೀನು ಬರೆದಿಲ್ಲ. ಇಲಿ ತಿನ್ನುತ್ತದೆ ಎಂದು ಗುರಪ್ಪ ಮಾಸ್ತರರು ಹೇಳಿದರು. ಅಂಥವು ಬರ್ಫದಲ್ಲಿಟ್ಟು ಸಿಗುತ್ತವಂತೆ, ಫ್ರಿಜ್ಜಿನಲ್ಲಿ ಇಡಬೇಕಂತೆ. ಸುಳ್ಳು ಎಂದು ಬರೆ. ಲಿಂಗ ಕಟ್ಟಿಕೊಂಡವರ ಮನೆಯ ಫ್ರಿಜ್ಜಿನಲ್ಲಿ ಇಲಿ ಇಟ್ಟಿಲ್ಲ ಎಂದು ಬರೆ.

ಅದನ್ನು ಡಾಕ್ಟರರಿಗೆ ತಿರುಗಿ ಕೊಟ್ಟು ನೀನು ಮನೆಗೆ ಬಾ. ಅಲ್ಲಿರುವುದು ಬಾಡಿಗೆ ಕೋಣೆ, ಮನೆಯಲ್ಲ. ಕೋಣೆಯಲ್ಲಿ ಒಬ್ಬಳೇ ಇದ್ದರೆ ಇಂಥವೇ ತಲೆಗೆ ಬರುತ್ತವೆ.

ಇನ್ನೊಂದು ಮಾತು. ಜಾಳಿಗೆಯ ಕಣ್ಣು ಎಷ್ಟು ಸಣ್ಣದಿರಬೇಕು? ಕೇಳಿದೆನೆಂದರೆ ಒಪ್ಪಿದೆ ಎಂದಲ್ಲ. ನನ್ನ ಕೈಯಿಂದ ಹೋದ ಸಾಮಾನು ಕೆಲಸಕ್ಕೆ ಬಾರದೆ ಬಿದ್ದಿದೆ ಅಂದರೆ ನನಗೆ ನಿದ್ದೆ ಬರುವುದಿಲ್ಲ.

ಕಲ್ಮೇಶ


ನಾಲತವಾಡ
19 ಮೇ 2025

ಅಣ್ಣ,

ಇಲಿ ಇದೆ. ಸೊಲ್ಲಾಪುರದಿಂದ ಬರುತ್ತದೆ. ಫ್ರಿಜ್ಜಿನ ಮೇಲಿನ ಖಾನೆಯಲ್ಲಿ, ಮುಚ್ಚಳ ಬಿಗಿದ ಡಬ್ಬಿಯಲ್ಲಿ, ಬೇರೆಯಾಗಿಯೇ ಇದೆ. ಸುಳ್ಳು ಬರೆಯಲು ನನಗೆ ಬರುವುದಿಲ್ಲ. ಸುಮಿತ್ರಾಬಾಯಿ ತಮ್ಮ ಬೆಣ್ಣೆಯನ್ನು ನನ್ನ ಫ್ರಿಜ್ಜಿನಲ್ಲಿ ಇಡುತ್ತಿದ್ದರು. ತೆಗೆದುಕೊಂಡು ಹೋದರು. ನಾಗಪ್ಪನ ಪೂಜೆ ಬೇಕು, ನಾಗಪ್ಪನ ಊಟ ಮಾತ್ರ ಬೇಡ.

ಇರಲಿ, ನಿನ್ನ ಬೇಕರಿ ಗಾಜಿನ ಕಥೆ ಕೇಳು. ಎರಡು ಗಾಜು ಒಂದರ ಮೇಲೊಂದು ಸರಿಯುವಲ್ಲಿ ಸಂದು ಇರುತ್ತದೆ. ಪೇಢೆ, ಬರ್ಫಿ ಆ ಸಂದಿನಿಂದ ಹೊರಬರುವುದಿಲ್ಲ. ಗೊಂಜಾಳ ಬಂತು. ಕನ್ನಡಿ ಕಿತ್ತು, ಮೇಲಿನ ಗಾಜು ತೆಗೆದು ಸೊಳ್ಳೆಪರದೆ ಕಟ್ಟಿ, ತಂಪಿಗೆ ಒಂದು ಬದಿಗೆ ಹಸಿ ಗೋಣಿತಟ್ಟು ಹೊದಿಸಿ, ಇನ್ನೇನು ಮನೆಯಾಯಿತು ಎಂದು ಲ್ಯಾಬಿಗೆ ಹೋಗಿದ್ದೆ. ತಿರುಗಿ ಬಂದರೆ ಓಣಿಯೇ ನಮ್ಮ ಮೆಟ್ಟಿಲ ಮೇಲಿದೆ. ಅರ್ಧ ಜನರ ಕೈಯಲ್ಲಿ ಬಡಿಗೆ, ಅರ್ಧ ಜನರ ಕೈಯಲ್ಲಿ ತೆಂಗಿನಕಾಯಿ. ಗೊಂಜಾಳ ಜೋಳದ ಚೀಲದ ಹಿಂದೆ ಮುದುಡಿತ್ತು. ಎದುರುಮನೆಯ ಗೈಬುಸಾಬ ಬಡಿಗೆ ಎತ್ತಿದ್ದರು. ನಾನು ನಡುವೆ ಹೋಗಿ ಕುಳಿತುಬಿಟ್ಟೆ.

"ಬಾಜೂಕ ಸರೀರಿ ಬಾಯಿ, ಕಚ್ಚೀತು!"

"ಕಚ್ಚಿದ್ರ ನನ್ನ ಕಚ್ಚತೈತಿ, ನಿಮಗೇನ್ರಿ? ನನ್ನ ಮನಿ, ನನ್ನ ಹಾವು!"

ನನ್ನ ಮನೆ ಎಂದು ಓಣಿಗೆಲ್ಲ ಕೇಳುವಂತೆ ಹೇಳಿದ್ದು ಅದೇ ಮೊದಲು. ಅಣ್ಣ, ನಿನ್ನ ಕಾಗದದ ಒಂದು ಮಾತು ಚುಚ್ಚಿಕೊಂಡು ಕುಳಿತಿದೆ. ಇದು ಕೋಣೆಯಲ್ಲ. ಇಲ್ಲಿ ನನ್ನ ಒಲೆ ಉರಿಯುತ್ತದೆ, ನಾನು ಜ್ವರ ಬಂದು ಮಲಗಿ ಎದ್ದಿದ್ದೇನೆ. ನಮ್ಮವರಲ್ಲಿ ಹೆಣ್ಣಿಗೆ ತವರುಮನೆ ಇರುತ್ತದೆ, ಅತ್ತೆಮನೆ ಇರುತ್ತದೆ. ಮೂರನೆಯದಕ್ಕೆ ನೀವು ಹೆಸರೇ ಇಟ್ಟಿಲ್ಲ. ನನಗೆ ಲಗ್ನ ಬೇಕಿಲ್ಲ, ವರ್ಗ ಬೇಕಿಲ್ಲ. ಇದು ವಿದ್ಯಾನ ಮನೆ ಎಂದು ನಿನ್ನ ಬಾಯಿಂದ ಒಮ್ಮೆ ಕೇಳಬೇಕು, ಅಷ್ಟೇ.

ಗೊಂಜಾಳ ಇನ್ನೂ ತಿಂದಿಲ್ಲ. ಬೆನ್ನಿನ ಎಲುಬು ಕಾಣುತ್ತಿದೆ. ಮನೆ ಹೊಂದದೆ ಇದ್ದರೆ ತಿನ್ನುವುದಿಲ್ಲವಂತೆ. ಜಾಳಿಗೆಯ ಕಣ್ಣು ಜೋಳದ ಕಾಳು ದಾಟದಷ್ಟಿರಲಿ.

ವಿದ್ಯಾ


ಇಂಡಿ
24 ಜೂನ್ 2025

ವಿದ್ಯಾ,

ಜಾಳಿಗೆಯ ಚೌಕಟ್ಟು, ಗಾಜಿನ ಸಂದಿಗೆ ಒತ್ತುವ ರಬ್ಬರ್ ಪಟ್ಟಿ, ಹಿಂದಿನ ಹಲಗೆ ಕಳಿಸಿದ್ದೇನೆ. ಮುದ್ದೇಬಿಹಾಳದ ಬಸ್ಸಿನ ಕಂಡಕ್ಟರ್ ಮಲಿಕಸಾಬರ ಕಡೆ ಕೇಳಿ ತೆಗೆದುಕೋ. ಮೊಳೆ ಹೊಡೆಯಬೇಡ, ಸ್ಕ್ರೂ ತಿರುಗಿಸು. ಹಲಗೆಯ ನುಣುಪು ಬದಿ ಒಳಗೆ ಬರಲಿ, ಮೈ ತರಚಬಾರದು.

ನಾಗರಪಂಚಮಿಗೆ ಬಾ.

ಕಲ್ಮೇಶ


ನಾಲತವಾಡ
20 ಜುಲೈ 2025

ಅಣ್ಣ,

ಜಾಳಿಗೆ ಹಿಡಿದು ಕೂರಿಸಿದ ಹಾಗೆ ಕೂತಿತು. ನಿನ್ನ ಕೈಗೆ ಏನು ಹೇಳಲಿ! ಬಾಯಿಗೆ ಬೇಕಾದರೆ ಹೇಳುತ್ತೇನೆ.

ಈಗ ಬಂದು ನೋಡಬೇಕು ನೀನು. ಬೆಚ್ಚನೆಯ ತುದಿಯಲ್ಲಿ ಒಡೆದ ಹೆಂಚಿನ ಗೂಡು, ತಂಪಿನ ತುದಿಯಲ್ಲಿ ಬಾಯಿ ಒಡೆದ ಗಡಿಗೆ ಮಗುಚಿ ಇಟ್ಟಿದ್ದೇನೆ. ನಡುವೆ ಹತ್ತಲು ಬೇವಿನ ಟೊಂಗೆ. ಮಳೆ ಹಿಡಿದ ಮೇಲೆ ಕಾವೂ ಹದಕ್ಕೆ ಬಂದಿದೆ. ಎರಡು ದಿನ ಅತ್ತಿತ್ತ ಮೂಸಿ ನೋಡಿ, ಮೂರನೆಯ ದಿನ ಗಡಿಗೆಯೊಳಗೆ ಸುತ್ತಿಕೊಂಡು ತಲೆ ಮಾತ್ರ ಹೊರಗಿಟ್ಟಿತು. ಇಲಿಯನ್ನು ಬಿಸಿನೀರಲ್ಲಿ ಹದಮಾಡಿ ಇಕ್ಕಳದಲ್ಲಿ ಹಿಡಿದೆ. ತಿಂದಿತು, ಅಣ್ಣ! ನಾನು ಸಾಲಿ ಹುಡುಗಿಯ ಹಾಗೆ ಕುಣಿದೆ. ಹೇಳಿಕೊಳ್ಳಲು ಯಾರೂ ಇರಲಿಲ್ಲ. ಕೆಳಗೆ ಹೋಗಿ ಸುಮಿತ್ರಾಬಾಯಿಗೆ ಹೇಳಿದರೆ ಅವರು ಕಿವಿ ಮುಚ್ಚಿಕೊಂಡರು.

ಪಂಚಮಿಗೆ ಅಣ್ಣ ಬಂದು ಕರೆದುಕೊಂಡು ಹೋಗುವುದು ನಮ್ಮ ರೀತಿ. ಎಲ್ಲರ ಅಣ್ಣಂದಿರೂ ಬರುತ್ತಾರೆ. ನೀನು ಮಾತ್ರ ಕಾಗದದಲ್ಲಿ ಬಾ ಅನ್ನುತ್ತೀ. ಕರೆಯಲು ಬಂದರೆ ಬರುತ್ತೇನೆ.

ವಿದ್ಯಾ


ನಾಲತವಾಡ
2 ಆಗಸ್ಟ್ 2025

ಕಲ್ಮೇಶಣ್ಣ,

ನೀನು ಕರೆಯಲು ಬರಲಿಲ್ಲ. ಆದರೂ ಬಂದೆನಲ್ಲ, ನನ್ನದು ತಪ್ಪು. ಗೊಂಜಾಳದ ನೀರು ಬದಲಿಸಲು ಸುಮಿತ್ರಾಬಾಯಿಯ ಕೈಗೆ ಕೀಲಿ ಕೊಟ್ಟು ಬಂದೆ.

ಹುತ್ತದ ಮುಂದೆ ನೀನು ಹಾಲು ಎರೆಯುತ್ತಾ ಎಲ್ಲರ ಹೆಸರು ಹೇಳಿದೆ. ದೇವರ ಪಾಲು, ಗುರುಗಳ ಪಾಲು, ಹಿರಿಯರ ಪಾಲು, ಮನೆಯವರ ಪಾಲು. ನನ್ನ ಹೆಸರು ಬರಲಿಲ್ಲ. ನಾನು ಅಲ್ಲೇ, ನಿನ್ನ ಬಾಜೂಕೇ ನಿಂತಿದ್ದೆ. ಹಾವು ಸಾಕಿದ್ದಕ್ಕೆ ಶಿಕ್ಷೆ ಇದು ಎಂದುಕೊಂಡೆ. ಉಂಡಿ ತಟ್ಟೆಯಲ್ಲೇ ಬಿಟ್ಟು ಬಸ್ಸು ಹತ್ತಿದೆ.

ಇಲ್ಲಿ ಬಂದು ನೋಡಿದರೆ ಕಪಾಟಿನ ತುಂಬ ಹಾಲು. ಜಾಳಿಗೆಯ ಮೇಲಿನಿಂದಲೇ ಓಣಿಯ ಹೆಣ್ಣುಮಕ್ಕಳೆಲ್ಲ ಸಾಲುಹಿಡಿದು ಎರೆದಿದ್ದಾರೆ. ಅಳ್ಳಿಟ್ಟು, ಎಳ್ಳುಂಡಿ, ಅರಿಶಿನ, ಗೆಜ್ಜೆವಸ್ತ್ರ, ಎಲ್ಲ ತೆಂಗಿನ ನಾರಿನಲ್ಲಿ ಕಲೆಸಿ ಹುಳಿತು ನಾರುತ್ತಿದೆ, ಇರುವೆ ಮುತ್ತಿವೆ. ಗೊಂಜಾಳ ಬೇವಿನ ಟೊಂಗೆಯ ತುದಿಯಲ್ಲಿ ನೇತುಬಿದ್ದು ಬಾಯಿ ತೆರೆದು ಉಸಿರಾಡುತ್ತಿದೆ. ಉಸಿರಿನಲ್ಲಿ ಗೊರಗೊರ ಸದ್ದು. ನ್ಯುಮೋನಿಯಾದಂಥ ರೋಗವಂತೆ. ಪುಣೆಯ ಒಬ್ಬ ಡಾಕ್ಟರು ಫೋನಿನಲ್ಲಿ ಹೇಳಿದರು, ಇಲ್ಲಿಯ ದನದ ಡಾಕ್ಟರು ಅದನ್ನು ನನ್ನ ಕೈಯಲ್ಲೇ ಹಿಡಿಸಿ ಸೂಜಿ ಚುಚ್ಚಿದರು.

ಸುಮಿತ್ರಾಬಾಯಿಯ ಮೇಲೆ ಹರಿಹಾಯ್ದೆ. ಅವರು ಅತ್ತರು. "ನಾ ಸುಮ್ಮನ ಇದ್ನೆವಾ. ನಿಮ್ಮಣ್ಣಾರ ಮನಿಯಿಂದನ ಫೋನ್ ಬಂತು, ವಿದ್ಯಾನ ಪಾಲು ಅಲ್ಲೇ ಎರೀರಿ ಅಂದ್ರು. ನಾ ಎರೆದಿದ್ದ ನೋಡಿ ಓಣ್ಯಾಗಿನವ್ರೆಲ್ಲಾ ಬಂದ್ರು. ಬ್ಯಾಡ ಅಂತ ಹೆಂಗ ಅನ್ನಲಿ?"

ನಿಜವೇ? ನೀನೇ ಹೇಳಿಸಿದೆಯಾ? ನಿಮ್ಮ ಹುತ್ತಕ್ಕೆ ನಾನು ಬೇಡವಾದೆ, ಅದಕ್ಕೆ ನನ್ನ ಪಾಲನ್ನು ಹಾವಿನ ಮೇಲೆ ಹುಯ್ಯಿಸಿದೆಯಾ? ಹಾವು ಹಾಲು ಕುಡಿಯುವುದಿಲ್ಲ ಎಂದು ಎಷ್ಟು ಜನರಿಗೆ ಹೇಳಲಿ? ಅದಕ್ಕೆ ಒಂದು ಮನೆ ಮಾಡಿಕೊಡಲು ನಾನು ನಾಲ್ಕು ತಿಂಗಳು ಹೆಣಗಿದೆ. ಒಂದು ಹಬ್ಬದಲ್ಲಿ ಎಲ್ಲ ಮುಗಿಸಿದಿರಿ.

ವಿದ್ಯಾ


ಇಂಡಿ
7 ಆಗಸ್ಟ್ 2025

ವಿದ್ಯಾ,

ಹೌದು, ನಾನೇ ಹೇಳಿಸಿದ್ದು. ನನಗೆ ಫೋನು ಕೇಳುವುದಿಲ್ಲ ಎಂದು ವೈನಿಯ ಕೈಯಿಂದ ಮಾಡಿಸಿದೆ.

ನಮ್ಮ ಮನೆತನದ ರೀತಿ ನೀನು ಮರೆತಿದ್ದೀ. ಯಾರ ಒಲೆ ಎಲ್ಲಿ ಉರಿಯುತ್ತದೋ ಅವರ ಪಾಲು ಅಲ್ಲಿ ಎರೆಯಬೇಕು. ನಮ್ಮ ಸೋದರತ್ತೆಯಂದಿರು ಪಂಚಮಿಗೆ ಬಂದು ಇಲ್ಲೇ ಉಂಡರೂ ಅವರ ಹೆಸರನ್ನು ಅಪ್ಪ ಹುತ್ತದ ಮುಂದೆ ಎಂದಾದರೂ ಹೇಳಿದ್ದುಂಟೇ? ಅವರ ಪಾಲನ್ನು ಅವರವರ ಮನೆಯಲ್ಲಿ ಎರೆಯುತ್ತಿದ್ದರು. ನಿನ್ನದನ್ನು ಮಾತ್ರ ಇಷ್ಟು ವರ್ಷ ನಾನೇ ಇಲ್ಲಿ ಎರೆಯುತ್ತಿದ್ದೆ, ನಿನಗೆ ಬೇರೆ ಮನೆ ಇಲ್ಲ ಎಂದು. ಈ ಸಲ ನಿನ್ನ ಹೆಸರು ಬಾಯಿಗೆ ಬಂತು, ನುಂಗಿಕೊಂಡೆ. ನಿನ್ನ ಮನೆ ಅಲ್ಲಿದೆ ಎಂದು ನೀನೇ ಬರೆದಿದ್ದೆಯಲ್ಲ. ಅಲ್ಲಿ ಎರೆಯಲಿ ಅಂದೆ. ನಿನಗೆ ಹೇಳಲಿಲ್ಲ. ತಿರುಗಿ ಹೋದಾಗ ನೋಡಿ ಸಂತೋಷಪಡುತ್ತೀ ಎಂದುಕೊಂಡೆ.

ಅಲ್ಲಿ ಎರೀರಿ ಅಂದದ್ದು ಮನೆಯಲ್ಲಿ ಒಂದು ಚಮಚ ಎಂದು. ಅವರು ಅದರ ತಲೆಯ ಮೇಲೆ ಕೊಡಗಟ್ಟಲೆ ಹುಯ್ಯುತ್ತಾರೆ ಎಂದು ನಾನು ತಿಳಿದಿರಲಿಲ್ಲ. ಪೂಜೆ ಮಾಡುವುದು ನಮಗೆ ಗೊತ್ತು, ಸಾಕುವುದು ಗೊತ್ತಿಲ್ಲ.

ಹಾಲು ಕುಡಿದ ಸಾಗವಾನಿ ಉಬ್ಬುತ್ತದೆ, ತಳ ಬದಲಿಸಲೇಬೇಕು. ಸ್ವಾತಂತ್ರ್ಯ ದಿನದ ಮರುದಿನ ಮೊದಲ ಬಸ್ಸಿಗೆ ಬರುತ್ತೇನೆ. ಅಲ್ಲಿಯವರೆಗೆ ಅದನ್ನು ಬದುಕಿಸಿಕೋ.

ಕಲ್ಮೇಶ


ನಾಲತವಾಡ
18 ಆಗಸ್ಟ್ 2025

ಅಣ್ಣ,

ನೀನು ಹೋದ ಮೇಲೆ ಎರಡು ದಿನ ಪೆನ್ನು ಹಿಡಿಯಲಿಲ್ಲ. ಸಿಟ್ಟು ಇಳಿಯಲಿ ಎಂದು ಕಾದೆ. ಇಳಿದಿಲ್ಲ, ಆದರೂ ಬರೆಯುತ್ತಿದ್ದೇನೆ.

ಗೊಂಜಾಳ ಬದುಕಿದೆ. ಬಾಯಿ ಮುಚ್ಚಿ ಉಸಿರಾಡುತ್ತಿದೆ. ನೀನು ಹಾಕಿದ ಹೊಸ ತಳದ ಮೇಲೆ, ನೀನೇ ಹದನೋಡಿ ಹಾಸಿದ ನಾರಿನಲ್ಲಿ ಸುರಂಗ ಮಾಡಿಕೊಂಡು ಅಡಗಿದೆ. ನಿನ್ನೆ ಒಂದು ಇಲಿ ತಿಂದಿತು. ಮೊನ್ನೆ ನೀನು ಅದಕ್ಕೆ ಬೆನ್ನು ತಿರುಗಿಸಿ ಕೂತು ಕೆಲಸ ಶುರುಮಾಡಿದವನು, ಮಧ್ಯಾಹ್ನದ ಹೊತ್ತಿಗೆ ಅದನ್ನು ಮುಂಗೈ ಮೇಲೆ ಹರಿಯಲು ಬಿಟ್ಟೆ. "ಥಣ್ಣಗ ಐತ್ಲೇ ಇದು!" ಎಂದು ನಕ್ಕೆ. ನೀನು ಹಾಗೆ ನಕ್ಕಿದ್ದನ್ನು ನೋಡಿ ಎಷ್ಟು ವರ್ಷವಾಗಿತ್ತು. ಆಗ ನಿನ್ನ ಮೇಲಿನ ಸಿಟ್ಟೆಲ್ಲ ಹೋಗಿತ್ತು, ದೇವರಾಣೆ.

ಆಮೇಲೆ ನಾನು ತಟ್ಟೆ ಹಾಕಿದೆ. ಬೆಳಗ್ಗೆ ಎದ್ದು ಬಡಿದ ರೊಟ್ಟಿ, ಎಣ್ಣೆಗಾಯಿ, ನಿನಗೆ ಸೇರುವ ಕೆಂಪು ಖಾರ, ಶೇಂಗಾ ಹೋಳಿಗೆ. ಆರು ವರ್ಷ ಕಾದು ಮಾಡಿದ ಅಡಿಗೆ ಅದು. ನೀನು ಫ್ರಿಜ್ಜಿನ ಕಡೆ ನೋಡಿದೆ, ಕೈಗಡಿಯಾರದ ಕಡೆ ನೋಡಿದೆ. "ಹೊಟ್ಟಿ ತುಂಬೇತಿ ತಂಗಿ, ಬಸ್ ತಪ್ಪತೈತಿ," ಅಂದೆ. ನೀರನ್ನೂ ಕುಡಿಯಲಿಲ್ಲ. ಹೊಟ್ಟೆ ತುಂಬಿರಬಹುದು, ನಸುಕಿನಲ್ಲಿ ಹೊರಟವನು ಎಲ್ಲೋ ತಿಂದಿರುತ್ತಾನೆ ಎಂದು ನಂಬಿದೆ. ಸಂಜೆ ಸುಮಿತ್ರಾಬಾಯಿ ಪೇಟೆಯಿಂದ ಬಂದು ಹೇಳಿದರು: "ನಿಮ್ಮಣ್ಣಾರು ಬಸ್‌ಸ್ಟ್ಯಾಂಡಿನಾಗ ನಿಂತ ಭಜಿ ತಿನ್ನಾಕತ್ತಿದ್ರವಾ. ಭಾಳ ಹಸದಿದ್ರು ಕಾಣತೈತಿ, ಮ್ಯಾಲಿಂದ ಮ್ಯಾಲ ಎರಡ ಪ್ಲೇಟ ತಿಂದ್ರು."

ನಿನಗೆ ಹಾಕಿದ ತಟ್ಟೆಯನ್ನು ನಾನು ಹಾಗೇ ಮುಚ್ಚಿಟ್ಟಿದ್ದೆ. ನೀನು ಈ ಮನೆಯಲ್ಲಿ ನನ್ನ ಹೆಸರಿನ ಹಾಲು ಎರೆಸಿದೆ, ಈ ಮನೆಯ ಹಾವನ್ನು ಮುಟ್ಟಿದೆ, ಈ ಮನೆಯ ಮುರಿದದ್ದನ್ನೆಲ್ಲ ಸರಿಮಾಡಿದೆ. ತುತ್ತು ಮಾತ್ರ ಇಳಿಯಲಿಲ್ಲ. ಫ್ರಿಜ್ಜಿನೊಳಗೆ ಇಲಿ ಇದೆ ಎಂದು ನಿನಗೆ ಹೇಸಿಗೆ ಬಂತು. ಸಿಟ್ಟು ಬರುವುದಕ್ಕಿಂತ ಹೆಚ್ಚಾಗಿ ನನಗೆ ನೋವಾಯಿತು. ನೀನು ಎದುರಿಗೆ ಹೇಳಿದ್ದರೆ ಜಗಳವಾಡುತ್ತಿದ್ದೆ. ಹೊಟ್ಟೆ ತುಂಬಿದೆ ಎಂದು ನಗುತ್ತಾ ಹೇಳಿ ಹೋದೆ.

ಇಲಿಯ ಡಬ್ಬಿಯನ್ನು ತೆಗೆಯುವುದಿಲ್ಲ. ಗೊಂಜಾಳ ಇದೇ ಮನೆಯಲ್ಲಿ ಇರುತ್ತದೆ, ಅದರ ಊಟವೂ ಇಲ್ಲೇ ಇರುತ್ತದೆ. ಮುಂದಿನ ತಿಂಗಳು ತಂಪಿನ ಕಡೆಯ ಗೂಡು ದೊಡ್ಡದು ಮಾಡಬೇಕು, ಇನ್ನು ಹಾವು ಬೆಳೆಯುತ್ತದೆ. ಅಳತೆ ಬರೆದು ಕಳಿಸುವುದಿಲ್ಲ, ಬಂದು ತೆಗೆದುಕೋ. ಬರುವಾಗ ಗರಗಸ, ಸ್ಕ್ರೂ ಏನೂ ತರದಿದ್ದರೂ ನಡೆಯುತ್ತದೆ.

ಹಸಿದು ಬಾ.

ವಿದ್ಯಾ